ರ‍್ಯಾಂಪು ಅಂದ್ರೆ ಜಾರುಬಂಡೆ ಅಲ್ಲ

ನಮ್ಮತ್ತೆ ಸೊಂಟ ಮುರ್ಕೊಂಡ ಮೇಲೆ ಗಾಲಿ ಕುರ್ಚಿನೇ ಗತಿ ಆಗೈತೆ. ಹೋದ ತಿಂಗಳು ಪಿಂಚಣಿ ಕೆಲಸಕ್ಕೆ ಒಂದು ಕಚೇರಿಗೆ ಕರ್ಕೊಂಡು ಹೋಗಿದ್ದೆ. ಬಾಗಿಲಲ್ಲಿ ಕಾಂಕ್ರೀಟ್ ರ‍್ಯಾಂಪು ನೋಡಿ ಪರವಾಗಿಲ್ಲಪ್ಪಾ ಅಂದ್ಕೊಂಡೆ. ಹತ್ತಿಸಾಕೆ ಇಬ್ಬರು ಗಂಡಸರು ಬೇಕಾದ್ರು. ಇಳಿಸುವಾಗ ಅತ್ತೆ ನನ್ನ ಕೈ ಗಟ್ಟಿ ಹಿಡ್ಕೊಂಡು, "ಇನ್ಮೇಲೆ ನಾ ಎಲ್ಲಿಗೂ ಬರಲ್ಲ ಬಿಡವ್ವಾ" ಅಂದ್ರು.

ಆ ಮಾತು ಕೇಳಿ ಹೊಟ್ಟೆ ಉರೀತು ಕಣ್ರೇ.

ಲೆಕ್ಕ ಏನೂ ಕಷ್ಟ ಇಲ್ಲ. ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದದ ಇಳಿಜಾರು ಬೇಕು. ಇಂಜಿನಿಯರು ಇದನ್ನೇ 1:12 ಅಂತಾರೆ. ಆ ಕಟ್ಟೆ ಎರಡು ಅಡಿ ಎತ್ತರ, ಅಂದ್ರೆ 24 ಅಡಿ ಇಳಿಜಾರು ಆಗಬೇಕಿತ್ತು. ಅಲ್ಲಿದ್ದಿದ್ದು ಆರೇ ಅಡಿ! ಹಿಡ್ಕೊಳ್ಳಾಕೆ ಕಂಬಿನೂ ಇಲ್ಲ. ಮೇಲೆ ನುಣ್ಣಗೆ ಸಿಮೆಂಟ್ ಬಳಿದವ್ರೆ, ಮಳೆ ಬಂದ್ರೆ ಗಟ್ಟಿಮುಟ್ಟಾದೋರೂ ಜಾರಿ ಬೀಳಬೇಕು. ಕಾಂಕ್ರೀಟು ಹಸಿ ಇರುವಾಗ ಒಂದು ಪೊರಕೆ ತಗಂಡು ಅಡ್ಡಡ್ಡ ಗೆರೆ ಎಳೆದಿದ್ರೆ ಕಾಲಿಗೆ ಹಿಡಿತ ಸಿಕ್ತಿತ್ತು. ಅದಕ್ಕೆ ಯಾವ ಖರ್ಚೂ ಇಲ್ಲ.

"ಜಾಗ ಇಲ್ಲಮ್ಮಾ" ಅಂತಾರೆ. ನೇರ ಬಿಡಾಕೆ ಆಗದಿದ್ರೆ ಗೋಡೆ ಪಕ್ಕಕ್ಕೆ ತಿರುಗಿಸ್ಲಿ, ನಡುವೆ ಒಂದು ಸಮತಟ್ಟು ಕಟ್ಟೆ ಇಟ್ಟು. "ಯಾರೋ ಒಬ್ಬಿಬ್ಬರಿಗೆ ಅಷ್ಟೆಲ್ಲಾ ಯಾಕೆ" ಅಂತಾರೆ. ಬಸುರಿ, ಬಾಣಂತಿ, ಮಂಡಿನೋವಿನೋರು, ಕಣ್ಣು ಮಂಜಾದೋರು, ಇವರೆಲ್ಲಾ ಒಬ್ಬಿಬ್ಬರಾ? ಸರ್ಕಾರಿ ಕಟ್ಟಡಕ್ಕೆ ಅಂಗವಿಕಲರು ಸಲೀಸಾಗಿ ಹೋಗಿ ಬರಂಗಿರಬೇಕು ಅಂತ 2016ರಲ್ಲೇ ಕಾಯ್ದೆ ಆಗೈತೆ. ಇದು ಯಾರ ದಯೆನೂ ಅಲ್ಲ, ನಮ್ಮ ಹಕ್ಕು.

ಇನ್ನೊಂದು ಮಾತು. ನಮ್ಮ ದೇವಸಮುದ್ರದ ಕಡೆ ಬಿಸಿಲು ನಿಮಗೇ ಗೊತ್ತು. ಹಾಕಿದ ಕಾಂಕ್ರೀಟಿಗೆ ಗೋಣಿಚೀಲ ಹೊದಿಸಿ ಹತ್ತು ದಿನ ನೀರು ಕುಡಿಸಬೇಕು. ಬೆಳಿಗ್ಗೆ ಹಾಕಿ ಸಂಜೆಗೆ ಗಾಡಿ ಹತ್ತಿದ್ರೆ ಮುಂದಿನ ವರ್ಷ ಬರೀ ಧೂಳು, ಜಲ್ಲಿ. ಆ ಗುಂಡಿಗೆ ಎಡವಿ ಬೀಳೋರು ಮತ್ತೆ ನಾವೇ.

ಮೊಳಕಾಲ್ಮೂರು ಸೀರೆ ಕೊಳ್ಳುವಾಗ ಅಂಚು, ಸೆರಗು ತಿರುವಿ ತಿರುವಿ ನೋಡ್ತೀವಿ. ನಮ್ಮ ದುಡ್ಡಲ್ಲೇ ಹಾಕೋ ಕಾಂಕ್ರೀಟನ್ನ ಯಾಕೆ ನೋಡಲ್ಲ? ನಿಮ್ಮ ಬೀದಿಲಿ ಕೆಲಸ ಶುರು ಆದ್ರೆ ರವಿಕೆ ಹೊಲಿಯೋ ಟೇಪು ತಗಂಡು ಹೋಗ್ರಿ. ಎತ್ತರ ಎಷ್ಟು ಇಂಚು, ಉದ್ದ ಎಷ್ಟು ಅಡಿ, ಅಳೀರಿ. ಕಮ್ಮಿ ಇದ್ರೆ ಕಾಂಕ್ರೀಟು ಗಟ್ಟಿ ಆಗೋಕೆ ಮೊದಲೇ ಬಾಯಿ ಬಿಡ್ರಿ. ಆಮೇಲೆ ಬೈದ್ರೆ ಕೇಳೋರು ಯಾರೂ ಇರಲ್ಲ.

ನಮಗೂ ವಯಸ್ಸಾಗ್ತೈತೆ ಕಣ್ರವ್ವಾ.