ಹಿಮ ಬೀಳದ ನಾಡಿನಲ್ಲಿ ದೋಣಿಯ ಎಂಜಿನ್

ಶೀತದೇಶಗಳ ದೋಣಿಗಾರರಿಗೆ ಚಳಿಗಾಲ ಸಮೀಪಿಸಿದಂತೆ ಒಂದು ಕೆಲಸ ತಪ್ಪದೆ ಒದಗುತ್ತದೆ. ದೋಣಿಯನ್ನು ದಡಕ್ಕೆಳೆದು, ಎಂಜಿನ್ನಿನ ಒಡಲಲ್ಲಿ ಉಳಿದ ನೀರನ್ನೆಲ್ಲ ಬಸಿದು, ಬೇಕಾದೆಡೆ ಹೆಪ್ಪುಗಟ್ಟದ ದ್ರವವನ್ನು ತುಂಬಿ, ವಸಂತದವರೆಗೆ ಮುಚ್ಚಿಡುತ್ತಾರೆ. ರೋಣ, ನರಗುಂದ, ಗಜೇಂದ್ರಗಡಗಳ ವಿದ್ಯಾರ್ಥಿಯು ಇದನ್ನು ಓದಿ ನಕ್ಕರೆ ಆಶ್ಚರ್ಯವಿಲ್ಲ. ನಮ್ಮ ಎರೆಹೊಲಗಳ ಸೀಮೆಯಲ್ಲಿ ಪುಷ್ಯಮಾಸದ ನಸುಕಿನಲ್ಲಿ ಕಂಬಳಿ ಬೇಕಾದೀತೇ ಹೊರತು, ಹೊರಗಿಟ್ಟ ಕೊಡದ ನೀರು ಮಂಜುಗಡ್ಡೆಯಾದುದನ್ನು ಯಾರೂ ಕಂಡಿಲ್ಲ. ಹೀಗಿದ್ದರೂ ಆ ಪದ್ಧತಿಯ ಬಹುಭಾಗವು ನಮಗೂ ಅವಶ್ಯವೆಂದೂ, ಹಿಮದ ಭಯವಿಲ್ಲದಿರುವುದೇ ನಮ್ಮ ಯಂತ್ರಗಳಿಗೆ ಕೇಡಾಗಿದೆಯೆಂದೂ ನನ್ನ ಅಭಿಪ್ರಾಯ.

ಮೊದಲು ಹಿಮದ ವಿಷಯ. ಬಹುತೇಕ ಎಲ್ಲ ದ್ರವಗಳೂ ತಣಿದಂತೆ ಕುಗ್ಗುತ್ತವೆ. ನೀರು ಮಾತ್ರ 4 ಡಿಗ್ರಿ ಸೆಂಟಿಗ್ರೇಡಿನವರೆಗೆ ಕುಗ್ಗಿ, ಅದರಿಂದ ಕೆಳಗೆ ಹಿಗ್ಗತೊಡಗುತ್ತದೆ. ಮಂಜುಗಡ್ಡೆಯಾಗುವಾಗ ಅದರ ಗಾತ್ರವು ಶೇಕಡ 9ರಷ್ಟು ಹೆಚ್ಚುತ್ತದೆ. ಮಂಜುಗಡ್ಡೆಯಲ್ಲಿ ಪ್ರತಿಯೊಂದು ನೀರಿನ ಅಣುವೂ ನೆರೆಯ ನಾಲ್ಕು ಅಣುಗಳೊಡನೆ ಕೈಹಿಡಿದು, ನಡುವೆ ತೆರಪುಳ್ಳ ಷಟ್ಕೋನಾಕೃತಿಯ ಚೌಕಟ್ಟನ್ನು ಕಟ್ಟಿಕೊಳ್ಳುವುದೇ ಇದಕ್ಕೆ ಕಾರಣ. ಹಿಗ್ಗಲು ಎಡೆಯಿಲ್ಲದಂತೆ ನೀರನ್ನು ಬಂಧಿಸಿ ತಣಿಸುತ್ತ ಹೋದರೆ, ಸೊನ್ನೆಗಿಂತ 22 ಡಿಗ್ರಿ ಕೆಳಗೆ ಅದು ವಾಯುಮಂಡಲದ ಒತ್ತಡದ ಸುಮಾರು ಎರಡು ಸಾವಿರ ಪಟ್ಟು ಒತ್ತಡವನ್ನು ಹೇರಬಲ್ಲುದು. ಎರಕದ ಕಬ್ಬಿಣವು ಬಾಗದೆ ಬಿರಿಯುವ ಲೋಹ. ಸಿಲಿಂಡರಿನ ಸುತ್ತಣ ನೀರಿನ ಕೋಶದಲ್ಲಿ ಒಂದು ಲೋಟ ನೀರು ಮರೆತುಹೋಗಿದ್ದರೂ ಒಂದೇ ರಾತ್ರಿಯಲ್ಲಿ ಎಂಜಿನ್ ಸೀಳಬಹುದು. ಎಂಜಿನ್ನಿನ ಪಕ್ಕದಲ್ಲಿ ಕಾಣುವ ಲೋಹದ ಬಿಲ್ಲೆಗಳು ಇಂಥ ಸಮಯದಲ್ಲಿ ಕಳಚಿ ಬಿದ್ದು ಎಂಜಿನ್ನನ್ನು ಉಳಿಸುತ್ತವೆಂದು ಹಲವರು ನಂಬಿದ್ದಾರೆ. ವಾಸ್ತವವಾಗಿ ಅವು ಎರಕ ಹೊಯ್ದಾಗ ಒಳಗಿದ್ದ ಮರಳನ್ನು ತೆಗೆಯಲು ಬಿಟ್ಟ ರಂಧ್ರಗಳ ಮುಚ್ಚಳಗಳು. ಎಂದಾದರೂ ಅವು ಎಂಜಿನ್ನನ್ನು ಉಳಿಸಿದರೆ ಅದು ಅದೃಷ್ಟವೇ ಸರಿ.

ಈ ಅಪಾಯವನ್ನು ಕಾಣಲು ವಿದೇಶಕ್ಕೇ ಹೋಗಬೇಕಾಗಿಲ್ಲ. ಲಡಾಖಿನಲ್ಲಿ 4,200 ಮೀಟರಿಗೂ ಮೇಲಿರುವ ಪಾಂಗಾಂಗ್ ಸರೋವರದ ನೀರು ಉಪ್ಪಾದರೂ ಚಳಿಗಾಲದಲ್ಲಿ ಗಟ್ಟಿಯಾಗುತ್ತದೆ. ಅಲ್ಲಿ ನಮ್ಮ ಸೇನೆಯ ಗಸ್ತು ದೋಣಿಗಳಿವೆ. ಎತ್ತರದ ಪ್ರದೇಶಗಳ ಜಲಾಶಯಗಳೂ ಸೇರಿದಂತೆ ದೊಡ್ಡ ಜಲಾಶಯಗಳಲ್ಲಿ ಪಹರೆಗಾಗಿ ಹನ್ನೆರಡು ವೇಗದ ದೋಣಿಗಳನ್ನು ಕಟ್ಟಿಕೊಡುವ ಒಪ್ಪಂದವನ್ನು ಗೋವಾ ಶಿಪ್‌ಯಾರ್ಡ್ ಸಂಸ್ಥೆಯು 2021ರ ಜನವರಿಯಲ್ಲಿ ಸೇನೆಯೊಡನೆ ಮಾಡಿಕೊಂಡಿತು. ಅಂಥ ಎಡೆಯಲ್ಲಿ ನೀರು ಬಸಿಯುವುದನ್ನು ಮರೆತವನಿಗೆ ಮರುದಿನ ಬೆಳಗ್ಗೆಯೇ ಶಿಕ್ಷೆಯಾಗುತ್ತದೆ. ಹಿಮವು ಕಟುವಾದ ಉಪಾಧ್ಯಾಯ. ಆದರೆ ಪಾಠವನ್ನು ಕಾಲಕ್ಕೆ ಸರಿಯಾಗಿ ಕಲಿಸುತ್ತದೆ.

ನಮ್ಮ ಸೀಮೆಯಲ್ಲಿ ದೋಣಿಗಳೆಲ್ಲಿವೆ ಎಂದು ಕೇಳಬಹುದು. ಮಲಪ್ರಭೆಯ ದಂಡೆಯ ಕೊಣ್ಣೂರು, ಹೊಳೆ ಆಲೂರುಗಳ ಜನರು ಈ ಪ್ರಶ್ನೆಯನ್ನು ಕೇಳಲಾರರು. ಬೇಸಿಗೆಯಲ್ಲಿ ದಾಟಿಹೋಗಬಹುದಾದ ಹೊಳೆಯು 2009ರಲ್ಲಿಯೂ 2019ರಲ್ಲಿಯೂ ದಂಡೆಯ ಊರುಗಳಿಗೆ ನುಗ್ಗಿತು. ಬೆಣ್ಣೆಹಳ್ಳವೂ ತುಂಬಿದರೆ ಹೇಳುವುದೇ ಬೇಡ. ಅಂಥ ದಿನ ಮಾಳಿಗೆಯ ಮೇಲೆ ಮಕ್ಕಳೊಡನೆ ಕಾದು ನಿಂತವರಿಗೆ ಬೇಕಾದದ್ದು ಹಿಂಬದಿಯಲ್ಲಿ ಎಂಜಿನ್ ತೂಗುಹಾಕಿದ ರಕ್ಷಣಾ ದೋಣಿ. ಈ ಎಂಜಿನ್ನಿನ ಬಾಳು ವಿಚಿತ್ರವಾದುದು. ವರ್ಷದಲ್ಲಿ ನಾಲ್ಕು ದಿನ ಕೆಸರುನೀರಿನಲ್ಲಿ ವಿರಾಮವಿಲ್ಲದ ದುಡಿಮೆ. ಉಳಿದ ದಿನಗಳೆಲ್ಲ ಯಾವುದೋ ಉಗ್ರಾಣದಲ್ಲಿ ನಿದ್ರೆ. ಕೆಲವೊಮ್ಮೆ ಆ ನಿದ್ರೆ ಹತ್ತು ವರ್ಷಗಳದೂ ಆದೀತು.

ಆ ನಿದ್ರೆಯಲ್ಲಿ ಏನಾಗುತ್ತದೆ? ಈ ಬಗೆಯ ಎಂಜಿನ್ ತಾನು ತೇಲುವ ನೀರನ್ನೇ ಹೀರಿ ತನ್ನನ್ನು ತಣಿಸಿಕೊಳ್ಳುತ್ತದೆ. ನೆರೆಯ ನೀರಿನೊಡನೆ ನಮ್ಮ ಎರೆಮಣ್ಣೂ ಒಳಹೊಕ್ಕು, ಒಣಗಿದ ಮೇಲೆ ಕಿರಿದಾದ ಮಾರ್ಗಗಳಲ್ಲಿ ಗಾರೆಯಂತೆ ಕಚ್ಚಿಕೊಳ್ಳುತ್ತದೆ. ನೀರನ್ನೆತ್ತುವ ರಬ್ಬರಿನ ಚಕ್ರವು ಅಲುಗಾಡದೆ ನಿಂತು ಸೆಟೆಯುತ್ತದೆ. ಕಾರ್ಬುರೇಟರಿನಲ್ಲಿ ಉಳಿದ ಪೆಟ್ರೋಲು ಆವಿಯಾಗಿ ಅಂಟಾದ ಕಲ್ಮಷವನ್ನು ಬಿಡುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಬೆರೆತಿರುವುದರಿಂದ ಅದು ಗಾಳಿಯ ತೇವವನ್ನೂ ಹೀರುತ್ತದೆ. ತೇವ ಹೆಚ್ಚಿದರೆ ನೀರೂ ಎಥನಾಲೂ ಕೂಡಿ ತಳದಲ್ಲಿ ಬೇರೆಯಾಗಿ ನಿಲ್ಲುತ್ತವೆ. ಎಣ್ಣೆಯ ಪದರ ಜಾರಿಹೋದ ಸಿಲಿಂಡರಿನ ಗೋಡೆಗೆ ತುಕ್ಕು ಹಿಡಿದು ಪಿಸ್ಟನ್ನಿನ ಉಂಗುರಗಳು ಕಚ್ಚಿಕೊಳ್ಳುತ್ತವೆ. ಹೊರಗಿನಿಂದ ನೋಡಿದವರಿಗೆ ಮಾತ್ರ ಎಂಜಿನ್ ಹೊಸದರಂತೆಯೇ ಹೊಳೆಯುತ್ತಿರುತ್ತದೆ! ತುಕ್ಕಿನ ಸದ್ದು ಯಾರಿಗೂ ಕೇಳುವುದಿಲ್ಲ. ಅದು ತಿಳಿಯುವುದು ನೆರೆಯ ದಿನ, ಹಗ್ಗವನ್ನೆಳೆದಾಗ.

ಶೀತದೇಶದ ದೋಣಿಗಾರನು ಚಳಿಗಾಲಕ್ಕೆ ಮುನ್ನ ಮಾಡುವ ಕೆಲಸಗಳನ್ನು ಈಗ ಮತ್ತೆ ನೋಡೋಣ. ಶುದ್ಧವಾದ ನೀರಿನ ಕೊಳವೆಯನ್ನು ಜೋಡಿಸಿ, ಹೊರಬರುವ ಧಾರೆ ತಿಳಿಯಾಗುವವರೆಗೆ ಎಂಜಿನ್ನನ್ನು ನಡೆಸುತ್ತಾನೆ (ನೀರಿಲ್ಲದೆ ಕ್ಷಣಕಾಲ ನಡೆಸಿದರೂ ರಬ್ಬರಿನ ಚಕ್ರ ಸುಡುತ್ತದೆಂಬುದು ಅವನಿಗೆ ಗೊತ್ತು). ಇಂಧನವನ್ನು ಬರಿದುಮಾಡುತ್ತಾನೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ಸಿಲಿಂಡರಿಗೆ ಎಣ್ಣೆ ಸಿಂಪಡಿಸಿ ಚಕ್ರವನ್ನು ಕೈಯಿಂದ ತಿರುಗಿಸುತ್ತಾನೆ. ಗೇರಿನ ಎಣ್ಣೆಯನ್ನು ಇಳಿಸಿ ನೋಡುತ್ತಾನೆ; ಅದು ಹಾಲಿನಂತೆ ಬೆಳ್ಳಗಿದ್ದರೆ ಒಳಗೆ ನೀರು ಹೊಕ್ಕಿದೆಯೆಂದು ಅರ್ಥ. ಕೊನೆಗೆ, ಉಳಿದ ನೀರು ತಾನಾಗಿ ಇಳಿದುಹೋಗುವಂತೆ ಎಂಜಿನ್ನನ್ನು ನೆಟ್ಟಗೆ ನಿಲ್ಲಿಸುತ್ತಾನೆ. ಇವುಗಳಲ್ಲಿ ಮುಖ್ಯವಾಗಿ ಹಿಮಕ್ಕೆ ಸಂಬಂಧಿಸಿದ ಕಾರ್ಯ ಕೊನೆಯದು. ಉಳಿದವು ಬಹುಮಟ್ಟಿಗೆ ಸುಮ್ಮನೆ ನಿಲ್ಲುವ ಯಂತ್ರದ ಆರೈಕೆ. ಆದರೆ ಹಿಮದ ಅಂಜಿಕೆಯಿಂದ ಅವನು ಎಲ್ಲವನ್ನೂ ಒಂದೇ ದಿನ ಮುಗಿಸುತ್ತಾನೆ. ನಮಗೆ ಆ ದಿನವನ್ನು ಗೊತ್ತುಪಡಿಸುವವರು ಯಾರೂ ಇಲ್ಲ.

ಇದೇ ಮಾತು ಟ್ರ್ಯಾಕ್ಟರಿಗೂ ಡೀಸೆಲ್ ಪಂಪಿಗೂ ಸಲ್ಲುತ್ತದೆ. ರೇಡಿಯೇಟರಿನಲ್ಲಿ ತುಂಬುವ ದ್ರವಕ್ಕೆ 'ಹೆಪ್ಪುರೋಧಕ' ಎಂಬ ಹೆಸರು ಬಂದುದರಿಂದ, ಇಲ್ಲಿ ಅದರ ಅವಶ್ಯಕತೆಯಿಲ್ಲವೆಂದು ಭಾವಿಸಿ ಕೊಳವೆಬಾವಿಯ ಸವಳು ನೀರನ್ನೇ ಸುರಿಯುವವರುಂಟು. ಆ ದ್ರವದಲ್ಲಿರುವ ಎಥಿಲೀನ್ ಗ್ಲೈಕಾಲನ್ನು ನೀರಿನೊಡನೆ ಸಮಪಾಲಾಗಿ ಬೆರೆಸಿದರೆ ಮಿಶ್ರಣವು ಸೊನ್ನೆಗಿಂತ ಸುಮಾರು 37 ಡಿಗ್ರಿ ಕೆಳಗಿನವರೆಗೂ ದ್ರವವಾಗಿಯೇ ಇರುತ್ತದೆ. ಅಪ್ಪಟ ಗ್ಲೈಕಾಲಾದರೋ ಸೊನ್ನೆಗಿಂತ 13 ಡಿಗ್ರಿ ಕೆಳಗೇ ಗಟ್ಟಿಯಾಗುತ್ತದೆಂಬುದು ರಸಾಯನಶಾಸ್ತ್ರದ ಒಂದು ವಿನೋದ. ನಮಗೆ ಬೇಕಾದ ಗುಣಗಳು ಬೇರೆ: ಮಿಶ್ರಣದ ಕುದಿಬಿಂದು ನೀರಿನದಕ್ಕಿಂತ ಆರೇಳು ಡಿಗ್ರಿ ಹೆಚ್ಚು, ಮತ್ತು ಅದರಲ್ಲಿ ತುಕ್ಕನ್ನು ತಡೆಯುವ ದ್ರವ್ಯಗಳಿವೆ. ಸವಳು ನೀರಾದರೋ ಕಾದಂತೆ ತನ್ನ ಸುಣ್ಣವನ್ನು ಸಿಲಿಂಡರಿನ ಸುತ್ತ ಪದರವಾಗಿ ಕಟ್ಟುತ್ತದೆ. ಈ ಪದರವು ಶಾಖವನ್ನು ಸಾಗಿಸುವಲ್ಲಿ ಕಬ್ಬಿಣಕ್ಕಿಂತ ಹತ್ತಾರು ಪಟ್ಟು ಮಂದ. ನೀರು ಕಾಯಿಸುವ ಹಂಡೆಯ ಒಳಗೆ ಕೈಯಾಡಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಎಚ್ಚರಿಕೆಯೊಂದುಂಟು. ಗ್ಲೈಕಾಲ್ ರುಚಿಯಲ್ಲಿ ಸಿಹಿ, ಗುಣದಲ್ಲಿ ವಿಷ, ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಬಸಿದ ದ್ರವವನ್ನು ಅಂಗಳದಲ್ಲಿ ಚೆಲ್ಲಿದರೆ ನಾಯಿಯೋ ಕರುವೋ ನೆಕ್ಕಬಹುದು. ಹಳೆಯ ಬಾಟಲಿಯಲ್ಲಿ ತುಂಬಿಟ್ಟರೆ ಮಕ್ಕಳು ಕುಡಿಯಬಹುದು.

ಇದಕ್ಕೆಲ್ಲ ಹಣವೆಲ್ಲಿ ಎಂಬ ಆಕ್ಷೇಪ ಬಂದೇ ಬರುತ್ತದೆ. ಒಂದು ಲೀಟರು ಎಣ್ಣೆ, ಒಂದು ಜೊತೆ ಪ್ಲಗ್ಗು, ರಬ್ಬರಿನ ಚಕ್ರ, ಒಂದು ಮಧ್ಯಾಹ್ನದ ದುಡಿಮೆ: ಒಂದು ರಕ್ಷಣಾ ದೋಣಿಗೆ ಇದಕ್ಕಿಂತ ಹೆಚ್ಚೇನೂ ಬೇಕಾಗದು. ಕೊರತೆಯಿರುವುದು ಹಣದ್ದಲ್ಲ, ದಿನಾಂಕದ್ದು. ಮಲಪ್ರಭೆಯ ನೆರೆ ಸಾಮಾನ್ಯವಾಗಿ ಆಗಸ್ಟಿನಲ್ಲಿ, ಕೆಲವೊಮ್ಮೆ ಅಕ್ಟೋಬರಿನ ಆರಂಭದವರೆಗೂ ಬರುವುದರಿಂದ, ನವೆಂಬರಿನ ಮೊದಲ ವಾರವನ್ನು ಮಲಗಿಸುವ ವಾರವೆಂದೂ ಮೇ ತಿಂಗಳ ಕೊನೆಯ ವಾರವನ್ನು ಎಬ್ಬಿಸುವ ವಾರವೆಂದೂ ಗೊತ್ತುಪಡಿಸಬಹುದು. ಜಿಲ್ಲೆಯ ಕೈಗಾರಿಕಾ ತರಬೇತಿ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಈ ಕೆಲಸವನ್ನು ವಹಿಸಿದರೆ ಅವರಿಗೂ ಅಭ್ಯಾಸವಾಗುತ್ತದೆ. ಮೇ ತಿಂಗಳಲ್ಲಿ ಎಂಜಿನ್ನನ್ನು ನೀರಿನ ಪೀಪಾಯಿಯಲ್ಲಿ ಇಳಿಬಿಟ್ಟು ಹತ್ತು ನಿಮಿಷ ನಡೆಸಿ, ಧಾರೆ ಬಂತೇ ಇಲ್ಲವೇ ಎಂಬುದನ್ನು ತಾರೀಖಿನೊಡನೆ ಒಂದು ಪುಸ್ತಕದಲ್ಲಿ ಬರೆದಿಟ್ಟು, ಆ ಪುಸ್ತಕವನ್ನು ದೋಣಿಯಲ್ಲಿಯೇ ಕಟ್ಟಿಡಲಿ.