ಗೂಡು ಕಾಯುವ ಮೀನಿಗೆ ಗಾಳ

ಉತ್ತರ ಅಮೆರಿಕದ ಕೆರೆಗಳಲ್ಲಿ ಪ್ಯಾನ್‌ಫಿಶ್ ಎಂದು ಕರೆಯುವ ಅಂಗೈಯಗಲದ ಮೀನುಗಳಲ್ಲಿ ಬ್ಲೂಗಿಲ್ ಮುಖ್ಯವಾದದ್ದು. ವಸಂತದ ಕೊನೆಗೆ ನೀರು ಸುಮಾರು 20 ಡಿಗ್ರಿ ಸೆಲ್ಸಿಯಸ್‌ಗೆ ಏರಿದಾಗ ಗಂಡುಗಳು ದಡದ ಬಳಿಯ ಆಳವಿಲ್ಲದ ನೀರಿಗೆ ಬಂದು, ಬಾಲದಿಂದ ತಳ ಗುಡಿಸಿ, ತಟ್ಟೆಯಂಥ ಗುಳಿಗಳನ್ನು ಒತ್ತೊತ್ತಾಗಿ ಮಾಡುತ್ತವೆ. ಹೆಣ್ಣು ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಮೊಟ್ಟೆಗೆ ನೀರು ಬೀಸುವುದು, ಕಳ್ಳರನ್ನು ಓಡಿಸುವುದು ಗಂಡಿನ ಪಾಲು. ಗುಳಿಯ ಹತ್ತಿರ ಬಿದ್ದ ಗಾಳವನ್ನೂ ಅದು ಶತ್ರುವೆಂದೇ ಕಚ್ಚುತ್ತದೆ. ಇದರಲ್ಲಿ ಗಾಳಗಾರನ ಜಾಣ್ಮೆಯೇನೂ ಇಲ್ಲ.

ಒಂದು ಹೆಣ್ಣು ಸಾವಿರಗಟ್ಟಲೆ ಮೊಟ್ಟೆಯಿಡುವಾಗ ನಾಲ್ಕು ಮೀನು ಹಿಡಿದರೆ ಏನು ನಷ್ಟ ಎಂಬ ವಾದ ಹಳೆಯದು. ಸಂಖ್ಯೆಯ ಮಟ್ಟಿಗೆ ಅದು ಬಹುಪಾಲು ಸರಿ. ಕೆರೆ ಬರಿದಾಗುವುದು ಅಪರೂಪ. ಪೆಟ್ಟು ಬೀಳುವುದು ಗಾತ್ರಕ್ಕೆ. ದೊಡ್ಡ ಗಂಡುಗಳಿರುವವರೆಗೆ ಚಿಕ್ಕವು ಗೂಡಿನ ಜಾಗಕ್ಕೆ ಪೈಪೋಟಿ ಮಾಡಲಾರದೆ ಬೆಳೆಯುತ್ತಿರುತ್ತವೆ. ದೊಡ್ಡವು ಬಕೆಟ್ಟಿಗೆ ಸೇರಿದೊಡನೆ ಚಿಕ್ಕವು ಬೇಗ ಪ್ರೌಢವಾಗಿ, ಬೆಳವಣಿಗೆಯ ಶಕ್ತಿಯನ್ನು ಸಂತಾನಕ್ಕೆ ಸುರಿದು, ಕುಳ್ಳಾಗಿಯೇ ಉಳಿಯುತ್ತವೆ. ಹಿಡಿದು ಬಿಟ್ಟರೂ ಪೂರ್ತಿ ನಿರಪಾಯವಲ್ಲ: ಕಾವಲಿಲ್ಲದ ಕೆಲವೇ ನಿಮಿಷಗಳಲ್ಲಿ ನೆರೆಯ ಮೀನುಗಳು ಮೊಟ್ಟೆಗೆ ಬಾಯಿ ಹಾಕುತ್ತವೆ.

ಪೂರ್ತಿ ನಿಷೇಧ ಇದಕ್ಕೆ ಮದ್ದಲ್ಲ. ವಿಸ್ಕಾನ್ಸಿನ್ ರಾಜ್ಯ 2016ರಲ್ಲಿ ಆಯ್ದ ಕೆಲವು ಕೆರೆಗಳಲ್ಲಿ ದಿನಕ್ಕೆ 25 ಇದ್ದ ಮಿತಿಯನ್ನು ಮೇ, ಜೂನ್ ತಿಂಗಳುಗಳ ಮಟ್ಟಿಗೆ 15ಕ್ಕೆ, ಒಂದೇ ಜಾತಿಯವಾದರೆ 5ಕ್ಕೆ ಇಳಿಸಿತು. ಇದು ವಿವೇಕದ ದಾರಿ. ಕಾನೂನು ಮುಟ್ಟದ ಕೆರೆಗಳಲ್ಲೂ ಗೂಡಿನ ಮೇಲಿನ ದೊಡ್ಡ ಗಂಡನ್ನು ಬಿಟ್ಟು, ಊಟಕ್ಕೆ ಮಧ್ಯಮ ಗಾತ್ರದ ಕೆಲವನ್ನು ಒಯ್ಯಲು ಯಾರ ಅಪ್ಪಣೆಯೂ ಬೇಕಿಲ್ಲ.