ವಸೀಲಾ ಮತ್ತು ವಶೀಲಿ

1964ರಲ್ಲಿ ಲಿಂಗನಮಕ್ಕಿಯಲ್ಲಿ ಶರಾವತಿಗೆ ಅಣೆಕಟ್ಟು ಎದ್ದಾಗ ಸಾಗರ, ಹೊಸನಗರ ತಾಲೂಕುಗಳ ಎಷ್ಟೋ ಊರುಗಳು ನೀರಿನಡಿ ಸೇರಿದವು. ನಾಡಿಗೆ ಬೆಳಕು ಬಂತು. ಹಿನ್ನೀರಿನಾಚೆ ಉಳಿದ ತುಮರಿ ಸೀಮೆಯ ಜನ ಮಾತ್ರ ದಶಕಗಳ ಕಾಲ ಲಾಂಚಿಗಾಗಿ ಕಾದರು. ಲಾಂಚು ನಿಂತ ಮೇಲೆ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ ಸಾಗರದ ಆಸ್ಪತ್ರೆ ಕಣ್ಣೆದುರಿದ್ದೂ ದೂರವಾಗುತ್ತಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ರೋಗಿಗೆ ದಾರಿಯಾಯಿತು. ಆದರೆ ಆ ದಾರಿಯ ಕೊನೆಯಲ್ಲಿ ಕುಳಿತಿರುವ ವೈದ್ಯ ಅಲ್ಲಿಗೆ ಯಾವ ದಾರಿಯಿಂದ ಬಂದನು? ಅರ್ಹತೆಯಿಂದಲೋ, ಪರಿಚಯದಿಂದಲೋ?

ವೈದ್ಯಕೀಯ ಸೀಟಿನ ಮಾತು ಬಂದೊಡನೆ ನಮ್ಮ ಮನೆಗಳಲ್ಲಿ ಏಳುವ ಮೊದಲ ಪ್ರಶ್ನೆ ‘ಮೇಲೆ ನಮ್ಮವರು ಯಾರಾದರೂ ಇದ್ದಾರೆಯೇ?’ ಎಂಬುದು. ಇದಕ್ಕೆ ಕನ್ನಡದಲ್ಲಿ ‘ವಶೀಲಿ’ ಎನ್ನುತ್ತೇವೆ. ಈ ಪದದ ಮೂಲ ಅರಬಿಯ ‘ವಸೀಲಾ’. ಪವಿತ್ರ ಕುರ್‌ಆನ್ (5:35) ಅಲ್ಲಾಹನ ಸಾಮೀಪ್ಯಕ್ಕೆ ವಸೀಲಾವನ್ನು ಅರಸುವಂತೆ ವಿಶ್ವಾಸಿಗಳಿಗೆ ಆಜ್ಞಾಪಿಸುತ್ತದೆ. ಸತ್ಕರ್ಮದ ಮೂಲಕ ಒಡೆಯನೆಡೆಗೆ ಸಾಗುವುದಕ್ಕಿದ್ದ ಆ ಪದವನ್ನು ಶಾಸಕರ ಬಾಗಿಲಿಗೂ ಆಡಳಿತ ಮಂಡಳಿಯ ಬಾಗಿಲಿಗೂ ಎಳೆದು ತಂದವರು ನಾವೇ.

ನೀಟ್ ಬಂದ ಮೇಲೆ ವಶೀಲಿಗೆ ಎಡೆಯೆಲ್ಲಿದೆ ಎಂದು ಕೆಲವರು ಕೇಳುತ್ತಾರೆ. ಕರ್ನಾಟಕವು ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸಿದ್ದು 1984ರಲ್ಲಿ. ನಮ್ಮ ರಾಜ್ಯದಿಂದಲೇ ಹೋದ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಸಂವಿಧಾನಬಾಹಿರವೆಂದದ್ದು 1992ರಲ್ಲಿ. ಆಮೇಲೆ ಸಿಇಟಿ ಬಂತು, ನೀಟ್ ಬಂತು. ಆದರೂ 2021ರ ಫೆಬ್ರವರಿಯಲ್ಲಿ ಕರ್ನಾಟಕ ಮತ್ತು ಕೇರಳದಲ್ಲಿ ಶೋಧ ನಡೆಸಿದ ಆದಾಯ ತೆರಿಗೆ ಇಲಾಖೆಯು 400 ಕೋಟಿ ರೂಪಾಯಿಗೂ ಮೀರಿದ ಅಕ್ರಮ ವಸೂಲಿಯ ಪುರಾವೆ ಸಿಕ್ಕಿದೆಯೆಂದಿತು. ಒಳ್ಳೆಯ ರ‍್ಯಾಂಕಿನವರ ಹೆಸರಿನಲ್ಲಿ ಸೀಟು ಹಿಡಿದಿಡುವುದು, ಕೌನ್ಸೆಲಿಂಗ್ ವೇಳೆ ಅದನ್ನು ಬಿಟ್ಟುಕೊಡುವುದು, ಹಾಗೆ ಉಳಿದ ಸೀಟನ್ನು ದಲ್ಲಾಳಿಗಳ ಮೂಲಕ ಮಾರುವುದು: ಇದು ಅಲ್ಲಿ ಬಯಲಾದ ತಂತ್ರ. 2024ರಲ್ಲಿ ಪಂಜಾಬ್ ಸರಕಾರವು ಅನಿವಾಸಿ ಭಾರತೀಯರ ಕೋಟಾವನ್ನು ಅವರ ದೂರದ ನೆಂಟರಿಗೂ ವಿಸ್ತರಿಸಿತು. ಸುಪ್ರೀಂ ಕೋರ್ಟು ಅದನ್ನು ವಂಚನೆಯೆಂದೇ ಕರೆಯಿತು. ಪರೀಕ್ಷೆ ಬದಲಾದರೂ ನೆಂಟಸ್ತಿಕೆ ತನ್ನ ಬಾಗಿಲನ್ನು ಹುಡುಕಿಕೊಳ್ಳುತ್ತಲೇ ಇದೆ.

‘ಎಲ್ಲರೂ ಮಾಡುತ್ತಾರೆ, ಹಿಂದುಳಿದ ಸಮುದಾಯದ ನಾವು ಮಾತ್ರ ಏಕೆ ಬಿಡಬೇಕು?’ ಎಂಬ ವಾದವೂ ಇದೆ. ನಾವು ಹಿಂದುಳಿದಿರುವುದು ನಿಜ. ಅದಕ್ಕಾಗಿಯೇ ಮೀಸಲಾತಿಯನ್ನು ಕೇಳುತ್ತೇವೆ. 2023ರ ಮಾರ್ಚಿನಲ್ಲಿ 2ಬಿ ಪ್ರವರ್ಗದ 4 ಶೇಕಡಾವನ್ನು ರದ್ದುಗೊಳಿಸಿದಾಗ ನ್ಯಾಯಾಲಯದ ಮೆಟ್ಟಿಲೇರಿದ್ದೂ ಅದಕ್ಕಾಗಿಯೇ. ಆದರೆ ಮೀಸಲಾತಿಗೆ ಕಾನೂನಿದೆ, ಪಟ್ಟಿಯಿದೆ, ಅದು ಎಲ್ಲರ ಕಣ್ಣಿಗೂ ಕಾಣುತ್ತದೆ. ವಶೀಲಿಗೆ ಕತ್ತಲೆ ಬೇಕು. ಸಮುದಾಯದ ಹೆಸರಿನಲ್ಲಿ ಪಡೆದ ಸೀಟು ಅಧ್ಯಕ್ಷರ ಸೋದರಳಿಯನಿಗೆ ಹೋದರೆ, ಅದನ್ನು ಕಳೆದುಕೊಂಡವನು ಪರಕೀಯನಲ್ಲ. ನಮ್ಮದೇ ಮಸೀದಿಯ ಕೊನೆಯ ಸಾಲಿನಲ್ಲಿ ನಿಂತ ಕೂಲಿಕಾರನ ಮಗ. ಬೀದಿಯಲ್ಲಿ ನ್ಯಾಯ ಕೇಳಿ, ಮನೆಯಲ್ಲಿ ಶಿಫಾರಸು ಪತ್ರ ಬರೆಯುವ ನಾವು ಯಾರಿಗೆ ಉತ್ತರ ಹೇಳಬಲ್ಲೆವು?

ಮಖ್ಝೂಮ್ ಗೋತ್ರದ ಕುಲೀನ ಮಹಿಳೆಯೊಬ್ಬಳು ಕಳ್ಳತನದಲ್ಲಿ ಸಿಕ್ಕಿಬಿದ್ದಾಗ ಕುರೈಷರು ಪ್ರವಾದಿ(ಸ)ಯವರಿಗೆ ಅಚ್ಚುಮೆಚ್ಚಿನವರಾಗಿದ್ದ ಉಸಾಮಾ(ರ)ರನ್ನು ಶಿಫಾರಸಿಗೆ ಕಳುಹಿಸಿದರು. ಪ್ರವಾದಿವರ್ಯರು(ಸ) ಕೋಪಗೊಂಡರು. ಕುಲೀನರನ್ನು ಬಿಟ್ಟು ದುರ್ಬಲರನ್ನು ಶಿಕ್ಷಿಸಿದ್ದರಿಂದಲೇ ಹಿಂದಿನ ಜನಾಂಗಗಳು ನಾಶವಾದವು, ತಮ್ಮ ಮಗಳು ಫಾತಿಮಾ ಕದ್ದರೂ ಶಿಕ್ಷೆ ತಪ್ಪದು ಎಂದು ಸಾರಿದರು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಇರುವ ಈ ಹದೀಸನ್ನು ಮಿಂಬರ್‌ನಿಂದ ಎಷ್ಟು ಸಲ ಕೇಳಿಲ್ಲ? ಕುರ್‌ಆನ್ ಅಮಾನತ್ತನ್ನು ಅದರ ಹಕ್ಕುದಾರರಿಗೆ ಒಪ್ಪಿಸಿರೆನ್ನುತ್ತದೆ (4:58). ಹೆತ್ತವರಿಗೂ ನೆಂಟರಿಗೂ ವಿರುದ್ಧವಾದರೂ ನ್ಯಾಯದ ಪರ ನಿಲ್ಲಿರೆನ್ನುತ್ತದೆ (4:135). ವೈದ್ಯಕೀಯ ಸೀಟು ಒಂದು ಅಮಾನತ್ತು. ಅದರ ನಿಜವಾದ ಹಕ್ಕುದಾರ ವಿದ್ಯಾರ್ಥಿಯೂ ಅಲ್ಲ; ಮುಂದೊಂದು ದಿನ ಅವನೆದುರು ಮಂಚದ ಮೇಲೆ ಮಲಗಲಿರುವ ರೋಗಿ. ಅನರ್ಹನನ್ನು ಒಳಗೆ ನೂಕಿದವನು ಆ ರೋಗಿಯ ಜೀವದ ವಿಷಯದಲ್ಲಿ ದ್ರೋಹ ಬಗೆದಿದ್ದಾನೆ.

ಇಸ್ಲಾಮ್ ಶಿಫಾರಸನ್ನೇ ನಿಷೇಧಿಸಿಲ್ಲ. ಒಳಿತಿಗೆ ಶಿಫಾರಸು ಮಾಡಿದವನಿಗೆ ಅದರಲ್ಲಿ ಪಾಲಿದೆ, ಕೆಡುಕಿಗೆ ಮಾಡಿದವನಿಗೆ ಅದರ ಹೊರೆಯಿದೆ ಎಂದು ಕುರ್‌ಆನ್ (4:85) ಎರಡನ್ನೂ ಬೇರ್ಪಡಿಸಿದೆ. ನಮ್ಮ ಜಮಾಅತ್ ಸಮಿತಿಗಳು ಸೀಟಿಗಾಗಿ ಪತ್ರ ಬರೆಯುವುದನ್ನು ಇಂದೇ ನಿಲ್ಲಿಸಲಿ. ಬದಲಿಗೆ ಹಳ್ಳಿಯ ಪಿಯುಸಿ ಮಕ್ಕಳಿಗೆ ತರಬೇತಿ ಕೊಡಿಸಲಿ, ಜಾತಿ–ಆದಾಯ ಪ್ರಮಾಣಪತ್ರ ಮಾಡಿಸಿಕೊಡಲಿ, ಕೌನ್ಸೆಲಿಂಗ್ ವೇಳೆ ಕಾಲೇಜುಗಳ ಆಯ್ಕೆಗೆ ನೆರವಾಗಲಿ, ಬಡ ವಿದ್ಯಾರ್ಥಿಯ ಶುಲ್ಕಕ್ಕೆ ಝಕಾತ್ ತಲುಪಿಸಲಿ. ಇದು ಒಳಿತಿನ ಶಿಫಾರಸು. ಇದರಿಂದ ಯಾರ ಹಕ್ಕೂ ಹೋಗದು.

ಒಂದು ಸಂಪತ್ತಾಗಲಿ, ಸಂಬಂಧವಾಗಲಿ ಕೆಲಸಕ್ಕೆ ಬಾರದ ದಿನವೊಂದಿದೆ. ಅಂದು ನಮ್ಮ ಕೈಯಲ್ಲಿ ವಶೀಲಿ ಇರುವುದಿಲ್ಲ. ವಸೀಲಾ ಇರುತ್ತದೆಯೇ ಎಂಬುದನ್ನು ಇಂದೇ ನೋಡಿಕೊಳ್ಳೋಣ.